ಹಸಿದ ಮಣ್ಣಿಗೆ ಪೊಟ್ಟಣದ ಮದ್ದು

ಮಾವಿನ ಕೊಂಬೆಗೆ ಬಂದಳಿಕೆ ಹತ್ತಿದರೆ ಮಲೆನಾಡಿನ ರೈತನ ಕಣ್ಣಿಗೆ ಅದು ಬೀಳುತ್ತದೆ. ಕೊಂಬೆ ಕಡಿದು ಮರ ಉಳಿಸಿಕೊಳ್ಳುತ್ತಾನೆ. ಮಣ್ಣಿನೊಳಗೆ ಅವಿತು ಬೇರಿಗೇ ಬಾಯಿ ಹಾಕುವ ಕಳೆಯನ್ನು ಕಡಿಯುವುದೆಲ್ಲಿ? ಜೋಳ, ರಾಗಿ, ಮೆಕ್ಕೆಜೋಳಗಳ ಬೇರಿಗಂಟಿ ಬದುಕುವ ಸ್ಟ್ರೈಗಾ ಅಂಥದೊಂದು ಪರಾವಲಂಬಿ. ಕರ್ನಾಟಕದ ಮಳೆಯಾಶ್ರಿತ ಜೋಳದ ಹೊಲಗಳಿಗೂ ಅದು ಅಪರಿಚಿತವಲ್ಲ. ಆದರೆ ಅದರ ಘೋರ ಹಾವಳಿ ಆಫ್ರಿಕದಲ್ಲಿ.

ಪಶ್ಚಿಮ ಕೆನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಸುತ್ತಣ ಲುವೋ ರೈತರು ಇದನ್ನು ‘ಕಯೊಂಗೊ’ ಎನ್ನುತ್ತಾರೆ. ಮೆಕ್ಕೆಜೋಳವೇ ಅವರ ನಿತ್ಯದ ಅನ್ನ. ನೆಲದ ಮೇಲೆ ಕಳೆಯ ಹೂ ಕಾಣುವ ಹೊತ್ತಿಗೆ ಬೆಳೆಯ ಸಾರ ಬಹುಪಾಲು ಹೀರಿಹೋಗಿರುತ್ತದೆ. ಕಳೆ ಕೀಳುವ ಹೆಂಗಸರ ಬೆನ್ನು ಬಾಗಿದರೂ ಆ ವರ್ಷದ ಫಸಲು ಚೇತರಿಸದು. ಒಂದೊಂದು ಗಿಡವೂ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ದೂಳಿನಂಥ ಆ ಬೀಜ 10 ವರ್ಷಕ್ಕೂ ಮಿಕ್ಕಿ ಮಣ್ಣಿನಲ್ಲಿ ಕಾದಿರಬಲ್ಲದು.

ಅದು ಕಾಯುವುದು ಬೇರಿನಿಂದ ಒಸರುವ ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕಕ್ಕಾಗಿ. ರಂಜಕ ಸಾಲದ ಗಿಡವು ಮಣ್ಣಿನ ಸಹಜೀವಿ ಶಿಲೀಂಧ್ರಗಳನ್ನು ನೆರವಿಗೆ ಕರೆಯುವ ಕೂಗು ಇದೆಂಬುದು 2005ರಲ್ಲಿ ಬೆಳಕಿಗೆ ಬಂತು. ಅದೇ ಕೂಗನ್ನು ಕಳೆಯೂ ಕೇಳಿಸಿಕೊಳ್ಳುತ್ತದೆ. ಮಣ್ಣು ಹಸಿದಷ್ಟೂ ಕೂಗು ಜೋರು. ವರ್ಷ ವರ್ಷ ಒಂದೇ ಧಾನ್ಯ ಬೆಳೆದು, ಪಡೆದ ಸಾರವನ್ನು ಹಿಂದಿರುಗಿಸದ ನೆಲವೇ ಸ್ಟ್ರೈಗಾದ ತವರು.

ಇಂಥ ರೋಗಕ್ಕೆ ಕೊಟ್ಟ ಮದ್ದಾದರೂ ಎಂಥದು? 2000ರ ದಶಕದಲ್ಲಿ ಕೆನ್ಯಾಕ್ಕೆ ಕಳೆನಾಶಕ ಲೇಪಿಸಿದ ಮೆಕ್ಕೆಜೋಳದ ಬೀಜ ಬಂತು. ಅದು ಕಳೆಯನ್ನು ತಡೆಯುತ್ತದೆಂಬುದು ಸುಳ್ಳಲ್ಲ. ಆದರೆ ಆ ಬೀಜ ಮುಟ್ಟಿದ ಕೈಯನ್ನು ತೊಳೆಯದೆ ಬೇರೆ ಬೀಜ ಮುಟ್ಟಬಾರದೆಂಬ ಎಚ್ಚರಿಕೆಯೂ ಜೊತೆಗೇ ಬಂತು. ಲೇಪನದ ಕಾವಲು ಒಂದು ಹಂಗಾಮಿಗೆ ಮಾತ್ರ. ಮುಂದಿನ ಬಿತ್ತನೆಗೆ ಮತ್ತೆ ಪೊಟ್ಟಣ. ಮಣ್ಣಿನ ಹಸಿವು ಮಾತ್ರ ಇದ್ದಲ್ಲೇ ಇತ್ತು.

ಬಡರೈತನಿಗೆ ಶೀಘ್ರ ಫಲ ಬೇಕು, ಮಣ್ಣು ಸುಧಾರಿಸುವವರೆಗೆ ಅವನು ಕಾಯಲಾರ ಎಂಬ ವಾದವಿದೆ. ಹಾಗಾದರೆ ಕಾಯುವ ಕಾಲದ ಹೊರೆ ಯಾರದಾಗಬೇಕು? 1956ರಲ್ಲಿ ಅಮೆರಿಕದ ಕ್ಯಾರೊಲಿನಾ ರಾಜ್ಯಗಳಲ್ಲಿ ಇದೇ ಕುಲದ ಕಳೆ ಪತ್ತೆಯಾದಾಗ ಸರ್ಕಾರವೇ ಮುಂದೆ ಬಂತು. ದಿಗ್ಬಂಧನ ಹಾಕಿ, ಮಣ್ಣಿಗೆ ಎಥಿಲೀನ್ ಅನಿಲ ಹಾಯಿಸಿ, ಆಸರೆಯಿಲ್ಲದೆ ಬೀಜ ಮೊಳೆತು ಸಾಯುವಂತೆ ಮಾಡಿತು. ದಶಕಗಳ ಕಾಲ ಬೊಕ್ಕಸದಿಂದ ಹಣ ಸುರಿಯಿತು. ಸಿರಿವಂತ ನಾಡಿನಲ್ಲಿ ಸಾರ್ವಜನಿಕ ಹೊಣೆಯಾದುದು ಬಡ ನಾಡಿನಲ್ಲಿ ರೈತನ ಖರ್ಚಾಗುವುದು ಯಾವ ನ್ಯಾಯ?

ದಾರಿ ಇಲ್ಲದಿಲ್ಲ. ಶಾಲಪರ್ಣಿಯ ಬಳಗದ ಡೆಸ್ಮೋಡಿಯಂ ಸಸ್ಯವನ್ನು ಮೆಕ್ಕೆಜೋಳದ ಸಾಲುಗಳ ನಡುವೆ ಬೆಳೆಸುವ ಪದ್ಧತಿಯನ್ನು ಕೆನ್ಯಾದ ಕೀಟವಿಜ್ಞಾನ ಸಂಸ್ಥೆ ‘ಇಸಿಪೆ’ ಮತ್ತು ಅದರ ಸಹಯೋಗಿಗಳು ರೂಪಿಸಿದರು. ಅದರ ಬೇರಿನ ಸ್ರಾವ ಸ್ಟ್ರೈಗಾ ಬೆಳೆಗೆ ಅಂಟದಂತೆ ತಡೆಯುತ್ತದೆ. ಮಣ್ಣಿಗೆ ಸಾರಜನಕ, ದನಕ್ಕೆ ಮೇವು ದೊರೆಯುತ್ತದೆ. ಮೊದಲ ವರ್ಷ ದುಡಿಮೆ ಹೆಚ್ಚು, ಬೀಜವೂ ಸುಲಭವಾಗಿ ಸಿಗದು. ಸಾರ್ವಜನಿಕ ಹಣ ಹರಿಯಬೇಕಾದುದು ಇಲ್ಲಿಗೆ.

ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ ಬಿತ್ತುತ್ತಿದ್ದ ಕನ್ನಡ ನಾಡಿನ ಅಕ್ಕಡಿ ಸಾಲಿಗೂ ಇದೇ ವಿವೇಕ ತಿಳಿದಿತ್ತು. ಹಾವೇರಿ, ದಾವಣಗೆರೆಗಳ ಬಯಲಿನಲ್ಲಿ ಮೆಕ್ಕೆಜೋಳವೊಂದೇ ಹಬ್ಬಿ ಆ ಸಾಲುಗಳನ್ನು ಅಳಿಸುತ್ತಿರುವಾಗ, ಕೆನ್ಯಾದ ರೈತರು ತೆತ್ತ ಬೆಲೆಯನ್ನು ಇಲ್ಲಿಯ ಕೃಷಿನೀತಿ ಈಗಲೇ ಲೆಕ್ಕಕ್ಕೆ ಹಿಡಿಯಲಿ.