ಬಲಗಾಲಿಗೂ ಒಂದು ಪರೀಕ್ಷೆ ಇರಲಿ

ಊರಿಂದ ಫೋನ್ ಮಾಡುವ ಸೋದರಳಿಯ, ಇಲ್ಲಿ ಲೈಸೆನ್ಸ್ ಮಾಡಿಸಲು ಬರುವ ಬೆಂಗಳೂರಿನ ಹುಡುಗರು, ಮಾಲಿನ ಕಾಫಿ ಅಂಗಡಿಯಲ್ಲಿ ಸಿಗುವ ಕರಾಚಿಯ ಹಳೇ ಟ್ಯಾಕ್ಸಿ ಡ್ರೈವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಗಾಡಿ ಜಾಸ್ತಿ ಮೈಲೇಜ್ ಕೊಡುತ್ತೆ? ಪೆಟ್ರೋಲೋ, ಡೀಸೆಲ್ಲೋ, ಹೈಬ್ರಿಡ್ಡೋ? ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಓಡಿಸೋರು ಯಾರು? ಎಲ್ಲಿ ಓಡಿಸ್ತಾರೆ? ಇವೆರಡು ಗೊತ್ತಾಗದೆ ಮೊದಲನೆಯದಕ್ಕೆ ಉತ್ತರ ಹೇಳುವುದು ಗಿಳಿಶಾಸ್ತ್ರ.

ನಾನು ಟೊರಾಂಟೊದ ಥಾರ್ನ್‌ಕ್ಲಿಫ್ ಪಾರ್ಕ್‌ನಲ್ಲಿ ಡ್ರೈವಿಂಗ್ ಹೇಳಿಕೊಡುವವನು. ಅದಕ್ಕೆ ಮೊದಲು ಹಾಸನದ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್. ಡಿಪೋದಲ್ಲಿ ಊಟ, ರಜೆ, ಬಡ್ತಿಯಷ್ಟೇ ಬಾಯಲ್ಲಿ ಓಡಾಡುತ್ತಿದ್ದ ಮಾತು ‘ಕೆಎಂಪಿಎಲ್’, ಅಂದರೆ ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. ಒಂದೇ ಕಂಪನಿಯ, ಒಂದೇ ವರ್ಷದ ಎರಡು ಬಸ್ಸು ಒಂದೇ ರೂಟಿನಲ್ಲಿ ಓಡಿದರೂ ಡ್ರೈವರು ಬದಲಾದರೆ ಲೆಕ್ಕ ಬದಲಾಗುತ್ತಿತ್ತು. ಕೆಎಂಪಿಎಲ್ ಕಮ್ಮಿ ಬಂದ ಗಾಡಿ ಮೊದಲು ನಮ್ಮ ಕೈಗೆ ಬರುತ್ತಿತ್ತು. ಬ್ರೇಕ್ ಹಿಡಿದುಕೊಂಡಿದೆಯೇ, ಇಂಜೆಕ್ಟರ್ ಸೋರುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಟೈರಿನಲ್ಲಿ ಗಾಳಿ ಇದೆಯೇ ಎಂದು ನೋಡುತ್ತಿದ್ದೆವು. ಎಲ್ಲ ಸರಿ ಇದ್ದರೆ ಅನುಭವಸ್ಥನೊಬ್ಬ ಆ ಡ್ರೈವರಿನ ಜೊತೆ ರೂಟಿಗೆ ಹೋಗಿ ಅವನ ಕಾಲನ್ನು ನೋಡುತ್ತಿದ್ದ. ಬಹಳ ಸಲ ರೋಗ ಸಿಗುತ್ತಿದ್ದುದು ಅಲ್ಲೇ.

ಸಾರ್ವಜನಿಕರ ದುಡ್ಡಿನಲ್ಲಿ ಓಡುವ ಬಸ್ಸಿನ ಡ್ರೈವರು ಪ್ರತಿ ಲೀಟರಿಗೂ ಉತ್ತರ ಹೇಳಬೇಕು. ಸ್ವಂತ ಕಾರಿನವನನ್ನು ಮಾತ್ರ ಕೇಳುವವರಿಲ್ಲ, ಕಲಿಸುವವರೂ ಇಲ್ಲ. ಇದು ಸರಿಯಲ್ಲ, ಲೈಸೆನ್ಸ್ ಪರೀಕ್ಷೆಯಲ್ಲೇ ಇದಕ್ಕೆ ಅಂಕ ಇರಬೇಕು ಎಂಬುದು ನನ್ನ ವಾದ.

ಹಾಗೆಂದು ಎಂಜಿನ್ ಯಾವುದಾದರೇನು ಎನ್ನುವವನು ನಾನಲ್ಲ. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕನ್ನು ಪ್ರೀತಿಸದ ನನ್ನ ಕಾಲದ ಹುಡುಗರಿಲ್ಲ. ಆದರೆ ಅದು ಟೂ ಸ್ಟ್ರೋಕ್. ಹೊಸ ಪೆಟ್ರೋಲ್-ಗಾಳಿ ಸಿಲಿಂಡರಿಗೆ ನುಗ್ಗುವ ಹೊತ್ತಿಗೆ ಹೊಗೆ ಹೋಗುವ ಬಾಗಿಲೂ ತೆರೆದೇ ಇರುತ್ತದೆ. ಒಂದಿಷ್ಟು ಪೆಟ್ರೋಲ್ ಸುಡದೆಯೇ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಎಷ್ಟು ನಾಜೂಕಾಗಿ ಓಡಿಸಿದರೂ ಆ ನಷ್ಟವನ್ನು ಸವಾರ ತಡೆಯಲಾರ. ಎಂಜಿನ್ ಒಂದು ಮಿತಿ ಹಾಕುತ್ತದೆ. ಆ ಮಿತಿಯನ್ನು ಮುಟ್ಟುವುದೋ ಅರ್ಧದಲ್ಲೇ ನಿಲ್ಲುವುದೋ ಓಡಿಸುವವನ ಕೈಲಿದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯ ದಾರಿಗೆ ಅಡ್ಡಲಾಗಿ ಥ್ರಾಟಲ್ ಎಂಬ ತಟ್ಟೆ ಇರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ತೆರೆದುಕೊಳ್ಳುತ್ತದೆ. ನಿಧಾನವಾಗಿ ಹೋಗುವಾಗ ಅದು ಮುಕ್ಕಾಲು ಮುಚ್ಚಿರುತ್ತದಾದ್ದರಿಂದ ಎಂಜಿನ್ ಉಸಿರೆಳೆಯಲೇ ಶಕ್ತಿ ಖರ್ಚು ಮಾಡುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡುವವನ ಹಾಗೆ. ಡೀಸೆಲ್ ಎಂಜಿನ್ ಗಾಳಿಯನ್ನು ಧಾರಾಳವಾಗಿ ಎಳೆದುಕೊಂಡು, ಬೇಕಾದಷ್ಟೇ ಎಣ್ಣೆ ಚಿಮ್ಮಿಸಿಕೊಂಡು, ಒತ್ತಡದ ಬಿಸಿಯಲ್ಲೇ ಹೊತ್ತಿಸಿಕೊಳ್ಳುತ್ತದೆ. ಅದಕ್ಕೇ ಅದು ಮಿತವ್ಯಯಿ. ಲೀಟರ್ ಲೆಕ್ಕದಲ್ಲಿ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಇದೆ ಎಂಬುದನ್ನೂ ಮರೆಯಬಾರದು. ಆದರೆ ಭಾರತದಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಆಗಾಗ ಹೆದ್ದಾರಿಯ ಓಟ ಬೇಕು. ಮಗುವನ್ನು ಸ್ಕೂಲಿಗೆ ಬಿಟ್ಟು ತರಕಾರಿ ತರುವುದಕ್ಕಷ್ಟೇ ಕಾರು ಬೇಕಾದವರಿಗೆ ಡೀಸೆಲ್ ತಕ್ಕುದಲ್ಲ.

ಈಚಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳ ಗುಣವೇ ಬೇರೆ. ಮೆಲ್ಲಗೆ ಓಡಿಸಿದರೆ ಅವು ಸಣ್ಣ ಎಂಜಿನ್‌ನಂತೆ ಮಿತವಾಗಿ ಕುಡಿಯುತ್ತವೆ. ಒತ್ತಿದರೆ ದೊಡ್ಡ ಎಂಜಿನ್‌ನಷ್ಟೇ ಕುಡಿಯುತ್ತವೆ. ಕಂಪನಿ ಹೇಳಿದ ಮೈಲೇಜ್ ಬರುತ್ತಿಲ್ಲ ಎಂದು ದೂರುವವರಲ್ಲಿ ಇಂಥ ಗಾಡಿಯವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಹೈಬ್ರಿಡ್ ಹಳೆಯ ನಂಬಿಕೆಯನ್ನೇ ತಲೆಕೆಳಗು ಮಾಡಿದೆ. ಮಾಮೂಲಿ ಕಾರು ಹೆದ್ದಾರಿಯಲ್ಲಿ ಕಮ್ಮಿ ಕುಡಿಯುತ್ತದೆ, ಊರೊಳಗೆ ಜಾಸ್ತಿ. ಟೊಯೋಟದ ರಾವ್4 ಹೈಬ್ರಿಡ್‌ಗೆ ಇಲ್ಲಿನ ಸರ್ಕಾರಿ ಪಟ್ಟಿಯಲ್ಲಿ ಊರೊಳಗೆ ಕುಡಿಯುವ ಅಂಕಿಯೇ ಕಮ್ಮಿ. ಬ್ರೇಕ್ ಹಾಕಿದಾಗ ಬಿಸಿಯಾಗಿ ಪೋಲಾಗುವ ಶಕ್ತಿಯನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ನಿಂತಾಗ ಎಂಜಿನ್ ಆರಿಸುತ್ತದೆ. ಬಿಡದಿಯಲ್ಲಿ 2005ರಿಂದ ಡೀಸೆಲ್ ಇನ್ನೋವಾ ಮಾಡಿದ ಕಂಪನಿ 2022ರಲ್ಲಿ ಪೆಟ್ರೋಲ್-ಹೈಬ್ರಿಡ್ ಹೈಕ್ರಾಸ್ ತಂದಿತು. ಅದೇ ಕಂಪನಿ ಒಂಟಾರಿಯೊದಲ್ಲೂ ಹೈಬ್ರಿಡ್ ಕಾರುಗಳನ್ನು ಮಾಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ನಿಲ್ಲುವವನಿಗೆ ಇದಕ್ಕಿಂತ ಒಪ್ಪುವ ಗಾಡಿ ಕಮ್ಮಿ. ಆದರೂ ಸಿಗ್ನಲ್ ಹತ್ತಿರ ಬರುವ ತನಕ ಆಕ್ಸಿಲರೇಟರ್ ಒತ್ತಿ ಕಡೇ ಗಳಿಗೆಯಲ್ಲಿ ಬ್ರೇಕ್ ತುಳಿದರೆ ಆ ಕೆಲಸವನ್ನು ಮಾಮೂಲಿ ಬ್ರೇಕೇ ಮಾಡಬೇಕಾಗುತ್ತದೆ, ಬ್ಯಾಟರಿಗೆ ಸಿಗಬೇಕಾದ್ದು ಸಿಗುವುದಿಲ್ಲ. ದುಬಾರಿ ಕಾರು ಕೊಂಡು ಅದರ ಲಾಭವನ್ನು ಕಾಲಿನಲ್ಲೇ ಒದ್ದ ಹಾಗಾಯಿತು.

ಈಗ ಕಾಲಿನ ವಿಷಯ. ಥಾರ್ನ್‌ಕ್ಲಿಫ್ ಪಾರ್ಕ್ ಒಂದು ಕಾಲಕ್ಕೆ ಕುದುರೆ ರೇಸಿನ ಮೈದಾನ. 1950ರ ದಶಕದಲ್ಲಿ ರೇಸು ನಿಂತು ಎತ್ತರದ ಅಪಾರ್ಟ್‌ಮೆಂಟ್‌ಗಳೆದ್ದವು. ಗ್ರ್ಯಾಂಡ್‌ಸ್ಟ್ಯಾಂಡ್ ಪ್ಲೇಸ್, ಮೈಲ್‌ಪೋಸ್ಟ್ ಪ್ಲೇಸ್ ಎಂಬ ರಸ್ತೆಗಳ ಹೆಸರಿನಲ್ಲಿ ಮಾತ್ರ ಕುದುರೆಗಳು ಉಳಿದಿವೆ. ಕುದುರೆ ಓಟ ಮಾತ್ರ ನಿಂತಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ. ಥಾರ್ನ್‌ಕ್ಲಿಫ್ ಪಾರ್ಕ್ ಡ್ರೈವ್ ಸುತ್ತುರಸ್ತೆಯಲ್ಲಿ ಸ್ಟಾಪ್ ಬೋರ್ಡುಗಳು, ಸ್ಕೂಲು, ರಸ್ತೆ ದಾಟುವ ಅಜ್ಜಂದಿರು. ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ. ಅಷ್ಟರಲ್ಲೇ ಕಾರು ಗುಡುಗಿ ಹಾರುತ್ತದೆ, ಮುಗ್ಗರಿಸಿ ನಿಲ್ಲುತ್ತದೆ. ಹಾರುವಾಗ ಸುಟ್ಟ ಪೆಟ್ರೋಲೆಲ್ಲ ನಿಲ್ಲುವಾಗ ಬ್ರೇಕ್ ಪ್ಯಾಡಿನ ಬಿಸಿ.

ಇದೆಷ್ಟು ದುಬಾರಿ ಎಂಬುದಕ್ಕೆ ಅಂಕಿಗಳಿವೆ. ರಭಸದ ಚಾಲನೆಯಿಂದ ಮೈಲೇಜ್ ಹೆದ್ದಾರಿಯಲ್ಲಿ ಶೇ 15ರಿಂದ 30, ನಿಂತು-ಹೊರಡುವ ಊರ ರಸ್ತೆಯಲ್ಲಿ ಶೇ 10ರಿಂದ 40ರವರೆಗೆ ಬೀಳಬಹುದು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಗಂಟೆಗೆ 100 ಕಿ.ಮೀ. ಬದಲು 120ರಲ್ಲಿ ಹೋದರೆ ಸುಮಾರು ಶೇ 20ರಷ್ಟು ಹೆಚ್ಚು ಇಂಧನ ಬೇಕು ಎನ್ನುತ್ತದೆ ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಕಾರಣ. ಟೊರಾಂಟೊದ ಡಾನ್ ವ್ಯಾಲಿ ಪಾರ್ಕ್‌ವೇ ಹೆದ್ದಾರಿಯ ಮಿತಿ 90. ಆ ಮಿತಿಯಲ್ಲಿ ಹೋಗುವ ನನ್ನ ಶಿಷ್ಯರಿಗೆ ಹಿಂದಿನವರಿಂದ ಸಿಗುವುದು ಹಾರ್ನಿನ ಆಶೀರ್ವಾದ.

ಈ ಅಂಕಿಗಳನ್ನು ನಮ್ಮ ಜನ ಬಿಸಿಬಿಸಿಯಾಗಿ ಚರ್ಚಿಸುವ ಅಂಕಿಗಳ ಪಕ್ಕ ಇಟ್ಟು ನೋಡಿ. ಭಾರತದಲ್ಲಿ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದು ಮೈಲೇಜ್ ಬಿತ್ತು ಎಂಬ ಕೂಗಿದೆ. ಕೂಗು ಸುಳ್ಳಲ್ಲ. ಹಳೆಯ ಕಾರುಗಳಲ್ಲಿ ಶೇ 6-7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಕೆನಡಾದಲ್ಲಿ 2025ರ ಏಪ್ರಿಲ್ 1ರಂದು ಕಾರ್ಬನ್ ಶುಲ್ಕ ತೆಗೆದಾಗ ಲೀಟರಿಗೆ 17.6 ಸೆಂಟ್ ಹೊರೆ ಇಳಿಯಿತು, ಬಂಕುಗಳ ಮುಂದೆ ಹಬ್ಬದ ಕಳೆ. ಎರಡೂ ಕಡೆ ಸರ್ಕಾರವನ್ನು ಬೈಯಲೋ ಹೊಗಳಲೋ ನಮಗೆ ಪುರುಸೊತ್ತಿದೆ. ಅದಕ್ಕಿಂತ ದೊಡ್ಡ ಪಾಲು ಪೆಡಲಿನ ಮೇಲೆ ಪೋಲಾಗುತ್ತಿದ್ದರೂ ಅತ್ತ ಯಾರೂ ಬಗ್ಗಿ ನೋಡುವುದಿಲ್ಲ.

ಚಳಿಗಾಲದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ತಣ್ಣನೆಯ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ, ಟೈರಿನ ಗಾಳಿ ಕುಗ್ಗುತ್ತದೆ. ಮೈನಸ್ 7 ಡಿಗ್ರಿಯಲ್ಲಿ ಊರೊಳಗಿನ ಮೈಲೇಜ್ 25 ಡಿಗ್ರಿಯಲ್ಲಿ ಬರುವುದಕ್ಕಿಂತ ಸುಮಾರು ಶೇ 15 ಕಮ್ಮಿ. ಇದು ಪ್ರಕೃತಿಯ ತೆರಿಗೆ, ಕಟ್ಟಲೇಬೇಕು. ಅದರ ಮೇಲೆ ನಾವೇ ಹಾಕಿಕೊಳ್ಳುವ ತೆರಿಗೆ ಇದೆ: ಹತ್ತನೇ ಮಹಡಿಯಿಂದಲೇ ರಿಮೋಟ್ ಒತ್ತಿ ಪಾರ್ಕಿಂಗ್‌ನಲ್ಲಿ ಕಾರನ್ನು ಕಾಲು ಗಂಟೆ ಉರಿಸುವುದು. ಮೂರು ಲೀಟರ್ ಎಂಜಿನ್ ಹತ್ತು ನಿಮಿಷ ನಿಂತಲ್ಲೇ ಉರಿದರೆ 300 ಮಿಲಿಲೀಟರ್ ಹೋಯಿತು. ಈಗಿನ ಎಂಜಿನ್ ಬಿಸಿಯಾಗಲು ಅತಿ ಒಳ್ಳೆಯ ದಾರಿ, ಗಾಜಿನ ಮಂಜು ಕೆರೆದು ಮೆಲ್ಲಗೆ ಹೊರಡುವುದು. ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಸಿಕ್ಕವನಿಗೆ ಆ ನೆಪವೂ ಇಲ್ಲ. ಟೊರಾಂಟೊ ನಗರದ ಕಾನೂನಿನಂತೆ ಒಂದು ಗಂಟೆಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಸುಮ್ಮನೆ ಓಡಿಸುವ ಹಾಗಿಲ್ಲ. ಸ್ಕೂಲು ಬಿಡುವ ಹೊತ್ತಿಗೆ ಸಾಲಾಗಿ ನಿಂತ ಕಾರುಗಳ ಹಿಂದೆ ನಡೆದು ನೋಡಿ, ಆ ಕಾನೂನು ಎಷ್ಟು ಜನಕ್ಕೆ ಗೊತ್ತು ಎಂದು ಮೂಗಿಗೇ ತಿಳಿಯುತ್ತದೆ.

ಉಳಿತಾಯದ ಹೆಸರಿನಲ್ಲಿ ನಡೆಯುವ ತಪ್ಪುಗಳೂ ಇವೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ನ್ಯೂಟ್ರಲ್ ಮಾಡಿ ಇಳಿಸುವವರನ್ನು ನಾವೆಲ್ಲ ಬಲ್ಲೆವು. ಇಲ್ಲಿ ಪಾಟರಿ ರೋಡಿನ ಇಳಿಜಾರಿನಲ್ಲಿ ಗೇರ್ ಲಿವರಿಗೆ ಕೈ ಹಾಕಿದ ಶಿಷ್ಯನ ಕೈಯನ್ನು ನಾನು ತಡೆದದ್ದುಂಟು. ಇಂಜೆಕ್ಷನ್ ಎಂಜಿನ್‌ಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವೇ ನಿಂತುಹೋಗುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಇಂಧನ ಬೇಕೇ ಬೇಕು. ಬ್ರೇಕೂ ಕಾಯುತ್ತದೆ, ಇಂಧನವೂ ಹೋಗುತ್ತದೆ. ಇನ್ನೊಂದು ತಪ್ಪು, ಮೆಲ್ಲಗೆ ಎಂದರೆ ಎರಡನೇ ಗೇರಿನಲ್ಲಿ ತೆವಳುವುದು ಎಂದುಕೊಳ್ಳುವುದು. ಎಂಜಿನ್ ನಡುಗದಷ್ಟು ವೇಗ ಬಂದ ಕೂಡಲೇ ಮೇಲಿನ ಗೇರಿಗೆ ಹೋಗಬೇಕು. ಹಾಫ್ ಕ್ಲಚ್‌ನಲ್ಲಿ ಕಾಲಿಟ್ಟುಕೊಂಡೇ ಓಡಿಸುವುದಂತೂ ಕ್ಲಚ್ ಪ್ಲೇಟಿಗೂ ಜೇಬಿಗೂ ಒಟ್ಟಿಗೆ ಬೆಂಕಿ.

ಲೆಕ್ಕ ಹಾಕುವ ರೀತಿಯೂ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮೂರಲ್ಲಿ ಲೀಟರಿಗೆ ಎಷ್ಟು ಕಿ.ಮೀ. ಎಂದು ಎಣಿಸುತ್ತೇವೆ, ಕೆನಡಾದಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಎಣಿಸುತ್ತಾರೆ. ಒಂದು ಮನೆಯಲ್ಲಿ ಎರಡು ಗಾಡಿ ಇವೆ ಎನ್ನಿ. ಸಣ್ಣ ಕಾರಿನ ಮೈಲೇಜನ್ನು 20ರಿಂದ 25ಕ್ಕೆ ಏರಿಸಿದರೆ 100 ಕಿ.ಮೀ.ಗೆ ಉಳಿಯುವುದು ಒಂದು ಲೀಟರ್. ದೊಡ್ಡ ಎಸ್‌ಯುವಿಯನ್ನು 8ರಿಂದ ಬರೀ 10ಕ್ಕೆ ಏರಿಸಿದರೆ ಉಳಿಯುವುದು ಎರಡೂವರೆ ಲೀಟರ್. ಹೆಚ್ಚು ಕುಡಿಯುವ ಗಾಡಿಯ ಡ್ರೈವರೇ ಮೊದಲು ಕಾಲು ತಿದ್ದಿಕೊಳ್ಳಬೇಕು. ನಮ್ಮಲ್ಲಿ ಆಗುವುದು ಉಲ್ಟಾ. ಸಣ್ಣ ಕಾರಿನವನು ಹನಿ ಹನಿ ಎಣಿಸುತ್ತಾನೆ, ದೊಡ್ಡ ಗಾಡಿಯವನು ‘ಇದು ಕುಡಿಯೋದೇ ಹಾಗೆ’ ಎಂದು ಕೈಬಿಡುತ್ತಾನೆ.

ಎಲ್ಲ ಭಾರವನ್ನೂ ಡ್ರೈವರಿನ ಮೇಲೆ ಹೇರಿದರೆ ಕಂಪನಿಗಳಿಗೆ ಅನುಕೂಲವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಡೀಸೆಲ್ ಹೊಗೆಯ ಪರೀಕ್ಷೆಗೆ ಮೋಸದ ಸಾಫ್ಟ್‌ವೇರ್ ಹಾಕಿ 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್‌ಗೆ 2020ರ ಜನವರಿಯಲ್ಲಿ ಟೊರಾಂಟೊದ ನ್ಯಾಯಾಲಯ 19.65 ಕೋಟಿ ಕೆನಡಿಯನ್ ಡಾಲರ್ ದಂಡ ಹಾಕಿತು. ಕಾರ್ಖಾನೆಯ ಮೇಲೆ ಇಂಥ ಕಣ್ಣು ಇರಲೇಬೇಕು. ಆದರೆ ಕಾರ್ಖಾನೆಗೆ ಕಾನೂನು ಇದೆ, ಬಂಕಿಗೆ ಅಳತೆ ಇಲಾಖೆ ಇದೆ, ಬಸ್ ಡ್ರೈವರಿಗೆ ಕೆಎಂಪಿಎಲ್ ಪಟ್ಟಿ ಇದೆ. ಖಾಸಗಿ ಚಾಲಕನ ಕಲಿಕೆಗೆ ಏನೂ ಇಲ್ಲ.

ಒಂಟಾರಿಯೊ ಸರ್ಕಾರದ ಚಾಲಕರ ಕೈಪಿಡಿಯಲ್ಲಿ ಇಂಧನ ಉಳಿಸುವ ಸಲಹೆಗಳು ಇವೆ. ರಸ್ತೆ ಪರೀಕ್ಷೆಯ ಅಂಕದಲ್ಲಿ ಅವಕ್ಕೆ ಜಾಗವಿಲ್ಲ. ಬ್ರಿಟನ್‌ನಲ್ಲಿ 2008ರಿಂದ ಪರೀಕ್ಷಕರು ಈ ಬಗ್ಗೆ ಅಭ್ಯರ್ಥಿಗೆ ಹೇಳುತ್ತಾರೆ, ಆದರೆ ಪಾಸು-ಫೇಲಿಗೆ ಅದು ಲೆಕ್ಕವಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತೇನೆ ನಾನು. ಲೀಟರ್ ಅಳೆಯುವುದು ಬೇಡ, ಗಾಡಿಯಿಂದ ಗಾಡಿಗೆ ಎಂಜಿನ್ ಬೇರೆ. ಅಳೆಯಬೇಕಾದ್ದು ನಡತೆಯನ್ನು. ಮುಂದಿನ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಕಾಲು ತೆಗೆದನೇ? ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಇಟ್ಟುಕೊಂಡು ಬ್ರೇಕಿನ ಅಗತ್ಯವನ್ನೇ ಕಮ್ಮಿ ಮಾಡಿಕೊಂಡನೇ? ಕಾಯಬೇಕಾದಲ್ಲಿ ಎಂಜಿನ್ ಆರಿಸಿದನೇ? ಇವೆಲ್ಲ ಪಕ್ಕದಲ್ಲಿ ಕೂತ ಪರೀಕ್ಷಕನ ಕಣ್ಣಿಗೆ ಕಾಣುವಂಥವು. ಜೊತೆಗೆ, ಇವೇ ಅಪಘಾತವನ್ನೂ ತಪ್ಪಿಸುವಂಥವು.

ಕರ್ನಾಟಕಕ್ಕೆ ಇದು ಇನ್ನೂ ಸುಲಭ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಹಾಕಿದ ಸ್ವಯಂಚಾಲಿತ ಪರೀಕ್ಷಾ ಪಥವಿದೆ. ಎಂಟು ಸುತ್ತುವಾಗ ಗೆರೆ ಮುಟ್ಟಿದ್ದನ್ನು ಹಿಡಿಯುವ ವ್ಯವಸ್ಥೆಗೆ ಬ್ರೇಕ್ ತುಳಿದದ್ದನ್ನು ಎಣಿಸುವುದು ಕಷ್ಟವಲ್ಲ. ಇಂಧನ ಉಳಿಸಿ ಓಡಿಸುವುದನ್ನು ಕಲಿಸಬಲ್ಲ ಗುರುಗಳು ಕೆಎಸ್ಆರ್‌ಟಿಸಿಯ ಪ್ರತಿ ಡಿಪೋದಲ್ಲೂ ಇದ್ದಾರೆ. ನಿವೃತ್ತರಾಗಿ ಮನೆಯಲ್ಲಿ ಕೂತವರನ್ನು ಡ್ರೈವಿಂಗ್ ಸ್ಕೂಲುಗಳ ಮಾಸ್ತರರಿಗೆ ಪಾಠ ಹೇಳಲು ಕರೆದರೆ ಸಾಕು.

ಬರೀ ಉಪದೇಶದಿಂದ ಇದು ಆಗದು ಎಂದು ನನ್ನ ಕಸುಬೇ ನನಗೆ ಕಲಿಸಿದೆ. ದುಡ್ಡು ಕೊಟ್ಟು ಬರುವ ಶಿಷ್ಯ ಪರೀಕ್ಷೆಯಲ್ಲಿ ಕೇಳುವುದನ್ನಷ್ಟೇ ಕಲಿಯುತ್ತಾನೆ, ನಾವೂ ಅಷ್ಟನ್ನೇ ಕಲಿಸುತ್ತೇವೆ. ಆಮೇಲೆ ವರ್ಷಕ್ಕೊಮ್ಮೆಯೂ ಬೇಕಾಗದ ಪ್ಯಾರಲಲ್ ಪಾರ್ಕಿಂಗನ್ನು ಥಾರ್ನ್‌ಕ್ಲಿಫ್‌ನ ಹುಡುಗರು ಹಿಮದಲ್ಲೂ ಬೆವರು ಸುರಿಸಿ ಕಲಿಯುತ್ತಾರೆ, ಯಾಕೆಂದರೆ ಅದಕ್ಕೆ ಅಂಕ ಇದೆ. ಬಲಗಾಲಿಗೂ ಒಂದೆರಡು ಅಂಕ ಇಡಿ. ಮರುವಾರದಿಂದಲೇ ಎರಡೂ ದೇಶದ ಡ್ರೈವಿಂಗ್ ಸ್ಕೂಲುಗಳು ಅದನ್ನು ಕಲಿಸದಿದ್ದರೆ ನನ್ನನ್ನು ಕೇಳಿ.