ಶೌಕ್ ಇರಲಿ, ಆದರೆ ಅದು ಯಾವ ಖಾತೆಯಲ್ಲಿ?

ವಾಟರ್ ಕೂಲಿಂಗ್ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎರಡು ಗುಂಪಾಗುತ್ತದೆ. ಸೈನ್ಸ್ ವಿಭಾಗದ ಗೆಳೆಯರು ಪ್ರೊಸೆಸರ್ ಎಷ್ಟು ಡಿಗ್ರಿ ತಣ್ಣಗಾಗುತ್ತದೆ ಎಂದು ವಾದ ಮಾಡುತ್ತಾರೆ. ಕಾಮರ್ಸ್‌ನವರಾದ ನಾವು ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ನೀರು ಹರಿಯುವ ವಿಡಿಯೋ ನೋಡಿ 'ಸೂಪರ್' ಎಂದು ಸುಮ್ಮನಾಗುತ್ತೇವೆ. ನಾವು ಸುಮ್ಮನಿರಬಾರದು ಎಂಬುದು ನನ್ನ ಅಭಿಪ್ರಾಯ. ಮೂರು ನಾಲ್ಕು ಲಕ್ಷದ ಕಂಪ್ಯೂಟರ್ ಜೋಡಿಸುವುದು ಮೊದಲು ಲೆಕ್ಕದ ಕೆಲಸ, ಆಮೇಲೆ ಸ್ಕ್ರೂಡ್ರೈವರ್ ಕೆಲಸ.

ನಾನು ಇದನ್ನು ಬರೆಯಲು ಕಾರಣ ಇದೆ. ನಮ್ಮ ಭಾಯಿಜಾನ್ ಮದುವೆ ವಿಡಿಯೋ ಮಾಡುತ್ತಾರೆ. ಎರಡು ಕ್ಯಾಮೆರಾ, ಕೆಲಸಕ್ಕೆ ಒಬ್ಬ ಹುಡುಗ, ಅಂಗಡಿಯ ಮೇಲಿನ ಒಂದು ಸಣ್ಣ ಕೋಣೆ, ಅದೇ ಸ್ಟುಡಿಯೋ. ಎಡಿಟಿಂಗ್ ಮಾಡುವ ಕಂಪ್ಯೂಟರ್ ಹಳೆಯದಾಗಿದೆ. ಈ ವರ್ಷ ಚೀಟಿ ಎತ್ತಿ, ಅಮ್ಮೀ ಕೂಡಿಟ್ಟದ್ದನ್ನೂ ಸೇರಿಸಿ ಮನೆಯಲ್ಲಿ 4 ಲಕ್ಷ ರೂಪಾಯಿ ಆಗಿದೆ. ನಮ್ಮ ಮನೆಯಲ್ಲಿ ಬಡ್ಡಿಗೆ ಸಾಲ ಮಾಡುವುದಿಲ್ಲ. ಇರುವ ಹಣವೇ ಹಣ. ಭಾಯಿಜಾನ್ ಆಸೆ ಏನೆಂದರೆ ಪೂರ್ತಿ ಕಸ್ಟಮ್ ವಾಟರ್ ಕೂಲಿಂಗ್ ಇರುವ ಮಷೀನ್. 'ನೀನು ಅಕೌಂಟೆನ್ಸಿ ಓದುತ್ತೀಯಲ್ಲ, ಪಟ್ಟಿ ನೀನೇ ಮಾಡು' ಎಂದು ಕೆಲಸ ನನಗೆ ಕೊಟ್ಟರು. ಮಷೀನ್‌ಗೆ ಹೋಗಿ ಉಳಿಯುವ ಹಣದಲ್ಲೇ ನನ್ನ ಬಿ.ಕಾಂ. ಫೀಸೂ ಬರಬೇಕು. ಆದ್ದರಿಂದ ನನ್ನ ಮಾತನ್ನು ಬೇಕಾದರೆ ಸ್ವಲ್ಪ ಕಡಿಮೆ ನಂಬಿ.

ಮೊದಲು ಇದು ಏನು ಎಂದು ನೋಡೋಣ. ಪ್ರೊಸೆಸರ್ ಮೇಲೂ ಗ್ರಾಫಿಕ್ಸ್ ಕಾರ್ಡ್ ಮೇಲೂ ತಾಮ್ರದ ಒಂದೊಂದು ವಾಟರ್ ಬ್ಲಾಕ್ ಕೂರಿಸುತ್ತಾರೆ. ಪಂಪ್ ನೀರನ್ನು ಆ ಬ್ಲಾಕ್‌ಗಳ ಮೂಲಕ ಓಡಿಸುತ್ತದೆ. ಬಿಸಿಯಾದ ನೀರು ರೇಡಿಯೇಟರ್‌ಗೆ ಹೋಗಿ ಫ್ಯಾನ್ ಗಾಳಿಗೆ ಆರಿ ಮತ್ತೆ ವಾಪಸ್ ಬರುತ್ತದೆ. ಸ್ಪ್ಲೆಂಡರ್ ಎಂಜಿನ್ ಬರೀ ಗಾಳಿಗೆ ಆರುತ್ತದೆ, ಡ್ಯೂಕ್‌ಗೆ ಮುಂದೆ ರೇಡಿಯೇಟರ್ ಇದೆಯಲ್ಲ, ಅದೇ ವ್ಯತ್ಯಾಸ. ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ಹಾಗಾಗಿ ಉಪಾಯ ಸುಳ್ಳಲ್ಲ.

ಆದರೆ ಕಲಬುರಗಿಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಮನೆಗಳ ಕಿಟಕಿಯಲ್ಲಿರುವ ಕೂಲರ್ ಕೂಡ ನೀರಿನಿಂದಲೇ ತಂಪು ಮಾಡುತ್ತದೆ, ಆದ್ದರಿಂದ ಎರಡೂ ಒಂದೇ ಎಂದು ಹಲವರು ತಿಳಿದಿದ್ದಾರೆ. ಒಂದೇ ಅಲ್ಲ. ಕೂಲರ್‌ನಲ್ಲಿ ನೀರು ಆವಿಯಾಗುತ್ತದೆ, ಅದಕ್ಕೇ ಗಾಳಿ ಹೊರಗಿನ ಬಿಸಿಲಿಗಿಂತ ತಣ್ಣಗೆ ಬರುತ್ತದೆ. ಕಂಪ್ಯೂಟರಿನ ನೀರು ಮುಚ್ಚಿದ ನಳಿಕೆಯಲ್ಲಿದೆ, ಆವಿಯಾಗುವುದಿಲ್ಲ. ಕೋಣೆಯ ಗಾಳಿ 40 ಡಿಗ್ರಿ ಇದ್ದರೆ ಆ ನೀರು 40ಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಕೆಲಸದ ಹೊರೆ ಬಿದ್ದಾಗ ಕೋಣೆಗಿಂತ ಹತ್ತು ಡಿಗ್ರಿ ಮೇಲೆ, ಅಂದರೆ 50ರ ಹತ್ತಿರ ಇರುತ್ತದೆ. ಇಂಥ ಲೂಪ್‌ಗಳಲ್ಲಿ ಹೆಚ್ಚಾಗಿ ಬಳಸುವ ಡಿ5 ಪಂಪ್‌ಗೆ ನೀರಿನ ಮಿತಿ 60 ಡಿಗ್ರಿ. ಗಾಜಿನಂತೆ ಕಾಣುವ ಪಿಇಟಿಜಿ ನಳಿಕೆಯೂ ಹೆಚ್ಚು ಬಿಸಿಗೆ ಮೆತ್ತಗಾಗುತ್ತದೆ. ತಂಪು ದೇಶದವರ ವಿಡಿಯೋದಲ್ಲಿ ಕೋಣೆ 20 ಡಿಗ್ರಿ ಇರುತ್ತದೆ. ನಮ್ಮ ಮೇ ತಿಂಗಳು ಆ ವಿಡಿಯೋದಲ್ಲಿ ಇಲ್ಲ.

ಇನ್ನೊಂದು ಮಾತು. ಶಾಖ ಎಲ್ಲೂ ಮಾಯವಾಗುವುದಿಲ್ಲ. ನಮ್ಮ ಪಟ್ಟಿಯಲ್ಲಿ ಇರುವುದು ರೈಜನ್ 9 9950ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 5070 ಟಿಐ ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಒಂದೇ 300 ವ್ಯಾಟ್, ಪ್ರೊಸೆಸರ್ ಜೋರಾಗಿ ದುಡಿದಾಗ 230 ವ್ಯಾಟ್. ಎರಡೂ ಸೇರಿ 530. ಗಾಳಿಯಿಂದ ಆರಿಸಿದರೂ ನೀರಿನಿಂದ ಆರಿಸಿದರೂ ಕೊನೆಗೆ ಆ 530 ವ್ಯಾಟ್ ಶಾಖ ಅದೇ ಸಣ್ಣ ಕೋಣೆಗೆ ಬರುತ್ತದೆ. ಅಲ್ಲಿ ಕೂತು ಎಡಿಟ್ ಮಾಡುವ ಹುಡುಗನಿಗೆ ಒಂದು ಡಿಗ್ರಿಯೂ ತಂಪಾಗುವುದಿಲ್ಲ.

ಈಗ ಹಣ. ಹೈದರಾಬಾದಿನಿಂದ ತರಿಸಿದ ಕೊಟೇಷನ್ ಪ್ರಕಾರ ಪ್ರೊಸೆಸರ್ ಬ್ಲಾಕ್ 9,000, ಕಾರ್ಡಿನ ಬ್ಲಾಕ್ 18,000, 360 ಮಿ.ಮೀ. ರೇಡಿಯೇಟರ್ ಎರಡು ಸೇರಿ 20,000, ಪಂಪ್ ಮತ್ತು ನೀರಿನ ಟ್ಯಾಂಕ್ 16,000, ನಳಿಕೆ ಮತ್ತು ಫಿಟ್ಟಿಂಗ್‌ಗಳು 15,000, ಆರು ಫ್ಯಾನ್ 9,000, ಕೂಲಂಟ್ ಮತ್ತು ಸೋರಿಕೆ ಪರೀಕ್ಷೆಯ ಸಾಮಾನು 5,000. ಒಟ್ಟು 92,000 ರೂಪಾಯಿ. ಇದರಲ್ಲಿ ಕಂಪ್ಯೂಟರ್ ಇನ್ನೂ ಬಂದೇ ಇಲ್ಲ! ಫಿಟ್ಟಿಂಗ್ ಎಂದರೆ ನಳಿಕೆಯ ತುದಿಗೆ ಹಾಕುವ ಸಣ್ಣ ಲೋಹದ ಬಳೆ. ಅದರ ಬೆಲೆ ನೋಡಿ ಅಮ್ಮೀ, 'ಬೆಳ್ಳಿಯದಾ?' ಎಂದು ಕೇಳಿದರು.

ಇದೇ ಪ್ರೊಸೆಸರ್‌ಗೆ ದೊಡ್ಡ ಏರ್ ಕೂಲರ್ 8,000 ರೂಪಾಯಿಗೆ ಸಿಗುತ್ತದೆ. ಕಾರ್ಡಿಗೆ ಅದರದೇ ಫ್ಯಾನ್‌ಗಳು ಕಂಪನಿಯಿಂದಲೇ ಬರುತ್ತವೆ. ಅಂದರೆ ವ್ಯತ್ಯಾಸ 84,000. ಗೊತ್ತಿರಲಿ, ಏರ್ ಕೂಲರ್‌ನ ತಾಮ್ರದ ಹೀಟ್ ಪೈಪ್ ಒಳಗೂ ಒಂದಿಷ್ಟು ದ್ರವ ಇರುತ್ತದೆ. ಅದು ಬಿಸಿ ಜಾಗದಲ್ಲಿ ಆವಿಯಾಗಿ, ತಂಪು ಜಾಗದಲ್ಲಿ ಹನಿಯಾಗಿ ತಾನೇ ಓಡಾಡುತ್ತದೆ. ಪಂಪ್ ಬೇಡ, ಸೋರಿಕೆಯ ಭಯ ಇಲ್ಲ.

ವಾಟರ್ ಕೂಲಿಂಗ್ ಎಲ್ಲಿಯೂ ಬೇಡ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಂದೇ ಕಪಾಟಿನಲ್ಲಿ 72 ಜಿಪಿಯು ಇಟ್ಟು ನಡೆಸುವ ಎನ್‌ವಿಡಿಯಾದ ಮಷೀನ್ ನೀರಿಲ್ಲದೆ ನಡೆಯುವುದೇ ಇಲ್ಲ. ಅಷ್ಟು ಶಾಖವನ್ನು ಗಾಳಿ ಹೊರುವುದಿಲ್ಲ. ಆರ್‌ಟಿಎಕ್ಸ್ 5090ರಂಥ 575 ವ್ಯಾಟ್ ಕಾರ್ಡನ್ನು ಎಸಿ ಕೋಣೆಯಲ್ಲಿಟ್ಟು ಹಗಲು ರಾತ್ರಿ ತ್ರೀಡಿ ರೆಂಡರ್ ಮಾಡುವವರಿಗೂ ಲೂಪ್‌ನಿಂದ ಉಪಯೋಗ ಇದೆ. ಸದ್ದು ಕಡಿಮೆಯಾಗುವುದೂ ನಿಜ. ಆಡಿಯೋ ಕೇಳಿ ಕೆಲಸ ಮಾಡುವವರಿಗೆ ಅದು ಸಣ್ಣ ವಿಷಯ ಅಲ್ಲ. ಭಾಯಿಜಾನ್ ಈ ಮಾತು ಹೇಳಿದಾಗ ನಾನು ಒಪ್ಪಿದೆ. ಆದರೆ 84,000 ರೂಪಾಯಿಯಷ್ಟು ದೊಡ್ಡದೂ ಅಲ್ಲ. ಹೆಡ್‌ಫೋನ್ ಇದೆ.

ಪಟ್ಟಿ ಮಾಡುವ ಮೊದಲು ನಾನು ಒಂದು ಕೆಲಸ ಮಾಡಿದೆ. ಭಾಯಿಜಾನ್ ಎಡಿಟ್ ಮಾಡುವಾಗ ಪಕ್ಕದಲ್ಲಿ ಕೂತು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ 40 ಪರ್ಸೆಂಟ್ ಕೂಡ ದುಡಿಯುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಮಾತ್ರ 100 ಪರ್ಸೆಂಟಿನಲ್ಲಿ ನಿಂತಿತ್ತು. 4ಕೆ ಫೈಲ್‌ಗಳನ್ನು ಹಳೆಯ ಡಿಸ್ಕ್‌ನಿಂದ ಓದುವುದರಲ್ಲೇ ಸಮಯ ಹೋಗುತ್ತಿತ್ತು. ಅವರ ಕ್ಯಾಮೆರಾ ಕೊಡುವ 10 ಬಿಟ್ 4:2:2 ಎಚ್.265 ಫೈಲ್ ತೆರೆಯಲು ಹಳೆಯ ಕಾರ್ಡಿನಲ್ಲಿ ಸೌಲಭ್ಯವೇ ಇಲ್ಲ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ ಅದು ಇದೆ. ಅಂದರೆ ಕೆಲಸ ನಿಂತಿರುವುದು ಬಿಸಿಯಿಂದ ಅಲ್ಲ, ಡಿಸ್ಕ್‌ನಿಂದ ಮತ್ತು ಕಾರ್ಡಿನಿಂದ. ನೀರು ಹಾಕಿ ಡಿಸ್ಕ್ ವೇಗ ಆಗುವುದಿಲ್ಲ.

ಇನ್ನು ನನಗೆ ನಿಜವಾಗಿ ಭಯ ಆದ ವಿಷಯಕ್ಕೆ ಬರುತ್ತೇನೆ. ಭಾಯಿಜಾನ್ ಬರೆದಿಟ್ಟ ಮೊದಲ ಪಟ್ಟಿಯಲ್ಲಿ ಕೂಲಿಂಗ್‌ಗೆ 92,000 ಇತ್ತು, ಬ್ಯಾಕಪ್‌ಗೆ ಸೊನ್ನೆ. ಈಗ ಒಂದು ಮದುವೆಯ ಪೂರ್ತಿ ಶೂಟಿಂಗ್ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತದೆ. ಮುಂದಿನ ಮದುವೆಗೆ ಕಾರ್ಡ್ ಬೇಕು ಎಂದು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಖಾಲಿ ಮಾಡುತ್ತಾರೆ. ಆ ಡಿಸ್ಕ್ ಒಂದು ದಿನ ಕೆಟ್ಟರೆ? ನಿಕಾಹ್‌ನ 'ಕುಬೂಲ್ ಹೈ' ಮತ್ತೊಮ್ಮೆ ಶೂಟ್ ಮಾಡಲು ಆಗುವುದಿಲ್ಲ. ಆ ವಿಡಿಯೋದಲ್ಲಿ ನಗುತ್ತಿರುವ ದಾದಿ ಮುಂದಿನ ವರ್ಷ ಇರುತ್ತಾರೋ ಇಲ್ಲವೋ. ಮುಂಗಡ ವಾಪಸ್ ಕೊಟ್ಟರೆ ಮುಗಿಯುವ ಲೆಕ್ಕವೂ ಅಲ್ಲ. ನಮ್ಮ ಮೊಹಲ್ಲಾದಲ್ಲಿ ಒಂದು ಮನೆಯ ವಿಡಿಯೋ ಹೋಯಿತು ಎಂದರೆ ಮುಂದಿನ ಹತ್ತು ಮನೆಯವರು ಬೇರೆಯವರನ್ನು ಕರೆಯುತ್ತಾರೆ.

ಫೋಟೋ ವಿಡಿಯೋ ಕೆಲಸದವರಲ್ಲಿ 3-2-1 ಎಂಬ ನಿಯಮ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ಮೇಲೆ ಹೇಳಿದ 84,000 ರೂಪಾಯಿಯಲ್ಲಿ 28,000ಕ್ಕೆ 4 ಟಿಬಿ ಎಸ್‌ಎಸ್‌ಡಿ, 36,000ಕ್ಕೆ 8 ಟಿಬಿಯ ಎರಡು ಹಾರ್ಡ್ ಡಿಸ್ಕ್, 14,000ಕ್ಕೆ ಒಳ್ಳೆಯ ಯುಪಿಎಸ್ ಬರುತ್ತದೆ. ಒಟ್ಟು 78,000. ಎಸ್‌ಎಸ್‌ಡಿಯಲ್ಲಿ ಎಡಿಟಿಂಗ್, ಒಂದು ಡಿಸ್ಕ್ ಸ್ಟುಡಿಯೋದಲ್ಲಿ, ಇನ್ನೊಂದು ನಮ್ಮ ಮನೆಯ ಅಲ್ಮಾರಿಯಲ್ಲಿ. ಎಕ್ಸ್‌ಪೋರ್ಟ್ ನಡೆಯುವಾಗ ಕರೆಂಟ್ ಹೋದರೂ ಯುಪಿಎಸ್ ಇರುತ್ತದೆ. ಇನ್ನೂ 6,000 ಉಳಿಯುತ್ತದೆ. ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಎಂದು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತೇವಲ್ಲ, ಅದು ಇದೇ. ಲೂಪ್‌ನ ನಿಜವಾದ ಬೆಲೆ 92,000 ಅಲ್ಲ, ಅದಕ್ಕಾಗಿ ಬಿಟ್ಟುಕೊಟ್ಟ ಬ್ಯಾಕಪ್.

ಸವಕಳಿ ಲೆಕ್ಕವನ್ನೂ ಹಾಕಿದೆ. ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ. 40, ಉಳಿದ ಮೌಲ್ಯದ ಮೇಲೆ. 92,000 ಒಂದು ವರ್ಷಕ್ಕೆ 55,200, ಎರಡಕ್ಕೆ 33,120, ಮೂರಕ್ಕೆ 19,872. ಪಂಪ್, ರೇಡಿಯೇಟರ್, ಫಿಟ್ಟಿಂಗ್‌ಗಳನ್ನು ಮುಂದಿನ ಮಷೀನ್‌ಗೂ ಬಳಸಬಹುದು, ಅದನ್ನು ಒಪ್ಪಬೇಕು. ಆದರೆ ಕಾರ್ಡಿನ ಬ್ಲಾಕ್ ಆ ಮಾದರಿಯ ಕಾರ್ಡಿಗೆ ಮಾತ್ರ ಕೂರುತ್ತದೆ. ಕಾರ್ಡ್ ಬದಲಾದ ದಿನ 18,000 ರೂಪಾಯಿ ಗುಜರಿಗೆ. ವರ್ಷಕ್ಕೊಮ್ಮೆಯಾದರೂ ನೀರು ಇಳಿಸಿ ತೊಳೆದು ಹೊಸ ಕೂಲಂಟ್ ತುಂಬಬೇಕು. ತಾಮ್ರದ ಬ್ಲಾಕ್ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ಲೋಹ ತಿಂದುಹೋಗುತ್ತದೆ. ನಮ್ಮ ಬೋರ್‌ವೆಲ್ ನೀರನ್ನಂತೂ ಹಾಕುವ ಹಾಗೇ ಇಲ್ಲ, ಕೂಲರ್ ಪ್ಯಾಡ್ ಮೇಲೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಮದುವೆ ಸೀಸನ್ ನಡುವೆ ಸೋರಿದರೆ ರಿಪೇರಿಗೆ ಮಷೀನ್ ಹೊತ್ತು ಹೈದರಾಬಾದಿಗೇ ಹೋಗಬೇಕು.

ಹಾಗಾದರೆ ಭಾಯಿಜಾನ್ ಆಸೆ ತಪ್ಪೇ? ಇಲ್ಲ. ನಮ್ಮ ಮನೆಮಾತಿನಲ್ಲಿ 'ಶೌಕ್' ಎಂದರೆ ಮನಸ್ಸಿಟ್ಟು ಮಾಡುವ ಇಷ್ಟದ ಕೆಲಸ. ಕನ್ನಡದಲ್ಲಿ ಅದೇ ಪದ 'ಶೋಕಿ' ಆಗಿ ಸ್ವಲ್ಪ ಬೈಗುಳವಾಗಿದೆ. ನನಗೆ ಮೊದಲ ಅರ್ಥವೇ ಸರಿ ಅನ್ನಿಸುತ್ತದೆ. ನಳಿಕೆಯನ್ನು ಬಿಸಿಮಾಡಿ ಬಾಗಿಸಿ ಅಳತೆಗೆ ಸರಿಯಾಗಿ ಕೂರಿಸುವುದು ಒಂದು ಕಸುಬು, ಅದರಲ್ಲಿ ಸಂತೋಷ ಇದೆ. ನಮ್ಮ ಅಬ್ಬಾ ಪಾರಿವಾಳ ಸಾಕುತ್ತಾರೆ. ಅದರಿಂದ ಒಂದು ರೂಪಾಯಿ ಲಾಭ ಇಲ್ಲ, ಯಾರೂ ಕೇಳುವುದೂ ಇಲ್ಲ. ಯಾಕೆಂದರೆ ಪಾರಿವಾಳದ ಕಾಳಿನ ಖರ್ಚನ್ನು ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂಗಡಿಯ ಲೆಕ್ಕದಲ್ಲಿ ಬರೆದಿಲ್ಲ.

ಅಕೌಂಟೆನ್ಸಿಯ ಮೊದಲ ಪಾಠಗಳಲ್ಲೇ ಇದು ಬರುತ್ತದೆ. ವ್ಯಾಪಾರ ಬೇರೆ, ಮಾಲೀಕ ಬೇರೆ. ಮಾಲೀಕ ತನಗಾಗಿ ತೆಗೆದದ್ದು ಡ್ರಾಯಿಂಗ್ಸ್. ಭಾಯಿಜಾನ್ ವಾಟರ್ ಕೂಲಿಂಗ್ ಮಾಡಿಸಿಕೊಳ್ಳಲಿ, ಅದನ್ನು ಸ್ಟುಡಿಯೋದ ಬಂಡವಾಳ ವೆಚ್ಚ ಎಂದು ಬರೆಯಬಾರದು ಅಷ್ಟೇ. ಚೀಟಿ ಹಣ ಸ್ಟುಡಿಯೋಕ್ಕೆ ಬಂದದ್ದು. ಒಂದೆರಡು ಸೀಸನ್ ದುಡಿದು ಅವರ ಪಾಲಿನ ಲಾಭ ಬಂದಾಗ ಅದರಿಂದ ಲೂಪ್ ತರಲಿ, ನಳಿಕೆ ಹಿಡಿಯಲು ನಾನೇ ಕೂರುತ್ತೇನೆ.

ಹೊಸ ಪಟ್ಟಿಯನ್ನು ಅವರಿಗೆ ಕೊಟ್ಟಾಗಿದೆ. ಪ್ರೊಸೆಸರ್, ಕಾರ್ಡ್ ಅವೇ ಇವೆ. ಕೂಲಿಂಗ್ ಸಾಲಿನಲ್ಲಿ 8,000, ಬ್ಯಾಕಪ್ ಸಾಲಿನಲ್ಲಿ ಮೊದಲ ಬಾರಿಗೆ ಒಂದು ಸಂಖ್ಯೆ. ಪೆಟ್ಟಿಗೆ ಮಾತ್ರ ದೊಡ್ಡದೇ ಇರಲಿ ಎಂದು ಬಿಟ್ಟಿದ್ದೇನೆ, ಎರಡು 360 ರೇಡಿಯೇಟರ್ ಹಿಡಿಯುವಂಥದ್ದು. ಅವರು ಇನ್ನೂ ಹೂಂ ಅಂದಿಲ್ಲ, ಉಹೂಂ ಎಂದೂ ಅಂದಿಲ್ಲ. ಪಟ್ಟಿಯ ಪ್ರತಿ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಸೈನ್ಸ್ ವಿಭಾಗದ ಗೆಳೆಯರು ಲೆಕ್ಕ ತಪ್ಪಿದೆ ಎನ್ನುವುದಾದರೆ ಊಟದ ಬಿಡುವಿನಲ್ಲಿ ಬನ್ನಿ, ಬರುವಾಗ ನಿಮ್ಮ ಕೊಟೇಷನ್ ತನ್ನಿ.