ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರು

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಅಡಿಕೆ ತೋಟಗಳ ಆರ್‌ಟಿಸಿ ತೆಗೆದು ನೋಡಿದರೆ ಒಂಬತ್ತನೇ ಕಾಲಂನಲ್ಲಿ ಇರುವುದು ತೀರಿಹೋದವರ ಹೆಸರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಿಸುವವರು, ಅಂಗಳದಲ್ಲಿ ಅಡಿಕೆ ಒಣಗಿಸುವವರು ಮೊಮ್ಮಕ್ಕಳು. ದಾಖಲೆಯಲ್ಲಿ ಮಾತ್ರ ಒಡೆಯ ಇನ್ನೂ ಅಜ್ಜನೇ. ಸಾಲಕ್ಕೆಂದು ಬ್ಯಾಂಕಿಗೆ ಹೋದ ದಿನವೋ, ರಸ್ತೆ ಅಗಲಿಸುವ ನೋಟಿಸು ಬಂದ ದಿನವೋ ಆ ಪ್ರಶ್ನೆ ಏಳುತ್ತದೆ: ಈ ತೋಟ ಈಗ ಯಾರದ್ದು?

ಉತ್ತರ ಮನೆಯಿಂದ ಮನೆಗೆ ಬೇರೆ. ಹವ್ಯಕರ ಮತ್ತು ಗೌಡರ ಮನೆಗಳಲ್ಲಿ ಆಸ್ತಿ ತಂದೆಯಿಂದ ಮಕ್ಕಳಿಗೆ ಹೋಗುವ ಮಕ್ಕಳಕಟ್ಟು, ಬಂಟರ ಮತ್ತು ಬಿಲ್ಲವರ ಮನೆಗಳಲ್ಲಿ ಅಳಿಯಕಟ್ಟು. ಬ್ಯಾರಿಗಳಿಗೆ ಮುಸ್ಲಿಂ ಉತ್ತರಾಧಿಕಾರ ನಿಯಮ. ನೆಲ್ಯಾಡಿ, ಕಡಬದ ಕಡೆ ನೆಲೆನಿಂತ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಒಂದೇ ತೋಡಿನ ನೀರು ಹಾಯಿಸುವ ನಾಲ್ಕು ಮನೆಗಳಿಗೆ ನಾಲ್ಕು ಲೆಕ್ಕ. ಪಕ್ಕದ ಮನೆಯವರು ಪಾಲು ಮಾಡಿಕೊಂಡ ಹಾಗೆ ತಾವೂ ಮಾಡಿಕೊಂಡರಾಯಿತು ಎಂದುಕೊಳ್ಳುವುದರಿಂದಲೇ ಅನೇಕ ವ್ಯಾಜ್ಯಗಳು ಹುಟ್ಟುತ್ತವೆ.

ಹೆಚ್ಚು ಗೊಂದಲ ಇರುವುದು ಅಳಿಯಕಟ್ಟಿನ ವಿಚಾರದಲ್ಲಿ. ಐತಿಹ್ಯದ ಅರಸ ಭೂತಾಳ ಪಾಂಡ್ಯನ ಹೆಸರಿಗೆ ಜನ ಸೇರಿಸುವ ಈ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತದೆ. ಕುಟುಂಬದ ಆಸ್ತಿಯಲ್ಲಿ ಪಾಲು ಕೊಡಿ ಎಂದು ಒತ್ತಾಯಿಸುವ ಹಕ್ಕೇ ಹಿಂದೆ ಇರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಬಂದ 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ತಾಯಿಬಳಿಯ ಕವಲುಗಳಿಗೆ) ಆ ಹಕ್ಕು ಕೊಟ್ಟಿತು. ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಸಂತಾನ ಮುಗಿಯಿತು ಎಂದು ಹಲವರು ಭಾವಿಸಿದ್ದಾರೆ. ಅದು ಅರ್ಧ ಮಾತ್ರ ನಿಜ.

ಆ ಕಾಯ್ದೆಯಡಿ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಸಂಪಾದನೆ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ಮನೆಯಲ್ಲಿ ದುಡಿದ ಸೋದರಳಿಯನಿಗಲ್ಲ. ಹೆಂಗಸಿನ ಆಸ್ತಿಗೆ ಮಾತ್ರ ಅದೇ ಕಾಯ್ದೆಯ 17ನೇ ಕಲಂ ಬೇರೆ ದಾರಿ ಉಳಿಸಿದೆ. ಒಬ್ಬ ಮಹಿಳೆ ತನ್ನ ಹೆಸರಿನಲ್ಲಿ ತೋಟ ಕೊಂಡಿದ್ದಾಳೆ. ತಾಯಿ, ಗಂಡ, ಇಬ್ಬರು ಮಕ್ಕಳನ್ನು ಬಿಟ್ಟು ತೀರಿಹೋಗುತ್ತಾಳೆ ಎಂದಿಟ್ಟುಕೊಳ್ಳಿ. ಮಕ್ಕಳಕಟ್ಟಿನ ಮನೆಯಾದರೆ ಗಂಡನಿಗೂ ಇಬ್ಬರು ಮಕ್ಕಳಿಗೂ ಒಂದೊಂದು ಪಾಲು. ಅಳಿಯಕಟ್ಟಿನ ಮನೆಯಾದರೆ ಆ ಮೂರು ಪಾಲು ತಾಯಿಗೆ ಮತ್ತು ಮಕ್ಕಳಿಗೆ. ಗಂಡನ ಸರದಿ ಬರುವುದು ಇವರು ಯಾರೂ ಇಲ್ಲದಿದ್ದಾಗ. ಅರುವತ್ತು ವರ್ಷ ದಾಟಿದ ಆ ಅಜ್ಜಿಗೆ ತನಗೂ ಒಂದು ಪಾಲಿದೆ ಎಂದು ಹೇಳುವವರೇ ಇರುವುದಿಲ್ಲ.

ಮಕ್ಕಳಕಟ್ಟಿನ ಮನೆಗಳಲ್ಲಿ ಇಂಥದೇ ಮೌನ ಹೆಣ್ಣುಮಕ್ಕಳ ಸುತ್ತ ಇದೆ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ಪಾಲುಪಟ್ಟಿಯನ್ನು ಮತ್ತೆ ಬಿಚ್ಚಲಾಗದು. ಮದುವೆಯಾಗಿ ಹೋದ ತಂಗಿ ಹಬ್ಬಕ್ಕೆ ಬಂದಾಗ ಬಿಳಿ ಹಾಳೆಗೆ ಹಾಕಿಸಿಕೊಂಡ ಸಹಿಯಿಂದ ಅವಳ ಹಕ್ಕು ಹೋಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು.

ಖಾತೆ ತನ್ನ ಹೆಸರಿಗಾಯಿತು ಎಂದು ನೆಮ್ಮದಿಯಿಂದ ಕೂತವರೂ ಉಂಟು. ಖಾತೆ ಬದಲಾವಣೆ ಕಂದಾಯದ ಲೆಕ್ಕಕ್ಕಾಗಿ. ಅದರಿಂದ ಒಡೆತನ ಹುಟ್ಟುವುದಿಲ್ಲ. ವಿಮೆಯ ನಾಮಿನಿಯ ಕಥೆಯೂ 2015ರಲ್ಲಿ ವಿಮಾ ಕಾಯ್ದೆ ತಿದ್ದುಪಡಿಯಾಗುವವರೆಗೆ ಹಾಗೆಯೇ ಇತ್ತು. ನಾಮಿನಿ ಹಣ ಪಡೆಯಬಹುದು, ಅದು ಸೇರಬೇಕಾದ್ದು ವಾರಸುದಾರರಿಗೆ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತ್ತು.

ಕುಮ್ಕಿಯನ್ನೂ ಪಾಲುಪಟ್ಟಿಯಲ್ಲಿ ಹಂಚಿಕೊಳ್ಳುವ ಮನೆಗಳಿವೆ. ವರ್ಗ (ಪಟ್ಟಾ) ಜಮೀನಿನ ಅಂಚಿನ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಅದು. ನೆಲ ಸರ್ಕಾರದ್ದೇ.

ಇಷ್ಟೆಲ್ಲ ಗೋಜಲಿಗೆ ಸುಲಭದ ಮದ್ದು ಉಯಿಲು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳ ಸಹಿ ಸಾಕು. ಮುಂದೆ ಕೋರ್ಟಿನಲ್ಲಿ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ನುಡಿಯಬೇಕಾದೀತು. ಆದ್ದರಿಂದ ಸಾಕ್ಷಿಗಳು ವಯಸ್ಸಿನಲ್ಲಿ ಕಿರಿಯರಾಗಿದ್ದರೆ ಒಳ್ಳೆಯದು. ಅಳಿಯಕಟ್ಟಿನವರು ಕುಟುಂಬದ ಆಸ್ತಿಯಲ್ಲಿ ತಮಗಿರುವ ಪಾಲನ್ನೂ ಉಯಿಲಿನಲ್ಲಿ ಬರೆಯಬಹುದು.

ಉಯಿಲಿನ ಬದಲು ಬದುಕಿರುವಾಗಲೇ ದಾನಪತ್ರ ಮಾಡಿಕೊಟ್ಟು ಕೈ ಬರಿದು ಮಾಡಿಕೊಂಡ ಹಿರಿಯರದ್ದು ಬೇರೆಯೇ ಸಂಕಟ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ದಾನವನ್ನು ರದ್ದು ಮಾಡಿಸಲು ಅವಕಾಶವಿದೆ. ಸುಳ್ಯ, ಕಡಬದವರು ಅದಕ್ಕೆ ಹೋಗಬೇಕಾದದ್ದು ಪುತ್ತೂರಿನ ಸಹಾಯಕ ಆಯುಕ್ತರ ಬಳಿಗೆ. ಆದರೆ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದು ಎಂದು ತೋರಿಸಬೇಕು. ಉಚಿತ ಸಲಹೆಗೆ ಪುತ್ತೂರಿನಲ್ಲೂ ಸುಳ್ಯದಲ್ಲೂ ತಾಲೂಕು ಕಾನೂನು ಸೇವಾ ಸಮಿತಿಗಳಿವೆ, 15100 ಸಹಾಯವಾಣಿ ಇದೆ. ಬೆಳಗಿನ ಬಸ್ಸು ಹಿಡಿದು ಪುತ್ತೂರಿಗೆ ಬಂದ ಅಜ್ಜಿಯ ಕೈಚೀಲದಿಂದ ದಾನಪತ್ರ ಹೊರಬಂದಾಗ ಅಲ್ಲಿ ಮೊದಲು ಹುಡುಕುವುದು ಷರತ್ತಿನ ಆ ಒಂದು ಸಾಲನ್ನು.